ಒಂದು ಕ್ರಿಯಾಪದದ ಅಲೆದಾಟ

(ಕಾಲೇಜು ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಬರಹರೂಪ)



ಇಂಗ್ಲಿಷ್ ಕವಿ ವರ್ಡ್ಸ್‌ವರ್ತ್‌ನ ‘ಡ್ಯಾಫೊಡಿಲ್ಸ್’ ಪದ್ಯವನ್ನು ಶಾಲೆಯಲ್ಲಿ ಓದಿದವರು ಈ ಸಭೆಯಲ್ಲಿ ಅನೇಕರಿರಬಹುದು. 1807ರಲ್ಲಿ ಅಚ್ಚಾದ ಆ ಪದ್ಯದ ಮೊತ್ತಮೊದಲ ಕ್ರಿಯಾಪದ ‘ವಾಂಡರ್’. ಮೇಷ್ಟ್ರು ಅದಕ್ಕೆ ‘ಅಲೆದಾಡು’ ಎಂದು ಅರ್ಥ ಹೇಳುತ್ತಾರೆ. ವಿದ್ಯಾರ್ಥಿ ಅದನ್ನೇ ಪೆನ್ಸಿಲಿನಲ್ಲಿ ಪದದ ನೆತ್ತಿಯ ಮೇಲೆ ಬರೆದುಕೊಳ್ಳುತ್ತಾನೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಈ ಪದವನ್ನು ಬಳಸಿದ್ದು ಕವಿಗಳು ಮಾತ್ರ ಅಲ್ಲ. ಕಾನೂನು ಬರೆದವರೂ ಬಳಸಿದರು. ಕವಿಯ ಕೈಯಲ್ಲಿ ಹೂವಿನ ದಾರಿ ಹಿಡಿದ ಕ್ರಿಯಾಪದ ಕಾನೂನಿನ ಕೈಯಲ್ಲಿ ಜೈಲಿನ ದಾರಿ ಹಿಡಿಯಿತು. ಒಂದೇ ಪದ ಹೀಗೆ ಎರಡು ದಿಕ್ಕಿಗೆ ಹೋದದ್ದು ಹೇಗೆ ಎಂಬುದೇ ಇಂದಿನ ವಿಷಯ.

ಮೊದಲು ಉಚ್ಚಾರಣೆಯ ಒಂದು ಮಾತು. ಕನ್ನಡ ವಿದ್ಯಾರ್ಥಿಗಳನ್ನು ಬಹಳ ಕಾಡುವುದು ‘ವಾಂಡರ್’ ಮತ್ತು ‘ವಂಡರ್’ ಎಂಬ ಜೋಡಿ. ಬೆರಗುಪಡು, ಯೋಚಿಸು ಎಂಬ ಅರ್ಥದ್ದು ‘ವಂಡರ್’. ಅದರಲ್ಲಿ ‘ಸನ್’ ಎಂಬ ಪದದ ಸ್ವರವಿದೆ. ಅಲೆದಾಡುವುದು ‘ವಾಂಡರ್’, ಅದರಲ್ಲಿ ‘ಪಾಂಡ್’ ಅಂದರೆ ಕೊಳದ ಸ್ವರವಿದೆ. ತಮಾಷೆಯೆಂದರೆ, ಬೆರಗಿನ ಪದವನ್ನು ‘ಓ’ ಅಕ್ಷರ ಹಾಕಿ ಬರೆಯುತ್ತಾರೆ, ಅಲೆದಾಟದ ಪದವನ್ನು ‘ಎ’ ಅಕ್ಷರ ಹಾಕಿ ಬರೆಯುತ್ತಾರೆ. ಬರೆದಂತೆ ಓದಲು ಹೋದವನು ಅಲೆಯುವ ಬದಲು ಬೆರಗಾಗಿ ನಿಲ್ಲುತ್ತಾನೆ.

ನೂಲು ಸುತ್ತುವುದು, ಊರು ಸುತ್ತುವುದು

ಈ ಪದದ ಬೇರು ಹಳೆಯ ಇಂಗ್ಲಿಷಿನ ‘ವಾಂಡ್ರಿಯನ್’. ಜರ್ಮನ್, ಡಚ್ ಭಾಷೆಗಳಲ್ಲೂ ಅದರ ದಾಯಾದಿಗಳಿವೆ. ಇನ್ನೂ ಹಿಂದಕ್ಕೆ ಹೋದರೆ ‘ತಿರುಗು, ಸುತ್ತು, ಹೊರಳು’ ಎಂಬ ಅರ್ಥದ ಮೂಲಕ್ಕೆ ಹೋಗಿ ಮುಟ್ಟುತ್ತೇವೆ. ಗಡಿಯಾರಕ್ಕೆ ಕೀಲಿ ಕೊಡುವ, ದಾರ ಸುತ್ತುವ ‘ವೈಂಡ್’ ಎಂಬ ಕ್ರಿಯಾಪದ ಅದೇ ಮನೆಯದು. ದಾರಿ ಹಿಡಿ ಎಂಬ ಅರ್ಥದ ‘ವೆಂಡ್’ ಕೂಡ ಅಲ್ಲಿಯದೇ. ಈ ‘ವೆಂಡ್’ ಎಂಬುದರ ಭೂತಕಾಲದ ರೂಪವೇ ‘ವೆಂಟ್’. ಕಾಲಾಂತರದಲ್ಲಿ ಅದು ತನ್ನ ಮನೆ ಬಿಟ್ಟು ‘ಗೋ’ ಎಂಬ ಪದದ ಮನೆ ಸೇರಿತು. ‘ಗೋ’ ಎಂಬುದರ ಭೂತಕಾಲ ‘ಗೋಡ್’ ಎಂದಾಗದೆ ‘ವೆಂಟ್’ ಎಂದು ಏಕಾಯಿತು ಎಂದು ಕೇಳಿ ಬೈಸಿಕೊಂಡ ಮಕ್ಕಳಿಗೆಲ್ಲ ಇದು ಉತ್ತರ.

ಸ್ವಾರಸ್ಯವೆಂದರೆ, ಇಂಗ್ಲಿಷ್ ತನ್ನ ಹಳೆಯ ಬೇರಿನಲ್ಲಿ ಬಚ್ಚಿಟ್ಟುಕೊಂಡಿರುವ ಈ ಸಂಬಂಧ ಕನ್ನಡದಲ್ಲಿ ಇಂದಿಗೂ ಕಣ್ಣೆದುರಿಗಿದೆ. ‘ಸುತ್ತು’ ಎಂದರೆ ದಾರ ಸುತ್ತುವುದೂ ಹೌದು, ಊರು ಸುತ್ತುವುದೂ ಹೌದು. ‘ತಿರುಗು’ ಎಂದರೆ ಹೊರಳುವುದೂ ಹೌದು, ಅಲೆಯುವುದೂ ಹೌದು. ‘ತಿರುಗಿ ಬಂದ’ ಎಂದಾಗ ಮರಳುವುದೂ ಹೌದು. ಎರಡೂ ಭಾಷೆಗಳಿಗೆ ನೆಂಟಸ್ತಿಕೆ ಇಲ್ಲ. ಒಂದು ಜರ್ಮಾನಿಕ್, ಇನ್ನೊಂದು ದ್ರಾವಿಡ. ಆದರೂ ಎರಡೂ ಕಡೆಯ ಜನ ಒಂದೇ ಸಂಗತಿಯನ್ನು ಕಂಡಿದ್ದಾರೆ: ನೇರವಾಗಿ ಹೋಗುವುದು ಹೋಗುವುದು, ಬಳಸಿ ಬಳಸಿ ಹೋಗುವುದು ಅಲೆಯುವುದು.

ವ್ಯಾಕರಣದಲ್ಲೂ ಒಂದು ಸಾಮ್ಯವಿದೆ. ‘ವಾಂಡರ್’ ಸಾಮಾನ್ಯವಾಗಿ ಅಕರ್ಮಕ ಕ್ರಿಯಾಪದ. ಆದರೂ ‘ವಾಂಡರ್ ದ ಸ್ಟ್ರೀಟ್ಸ್’ ಎಂಬ ಬಳಕೆ ಇದೆ. ಅಲ್ಲಿ ಬೀದಿಯೇ ಕರ್ಮಪದ. ನಮ್ಮಲ್ಲೂ ಹಾಗೆಯೇ: ‘ಬೀದಿಯಲ್ಲಿ ಸುತ್ತಿದ’ ಎಂದೂ ಹೇಳುತ್ತೇವೆ, ‘ಬೀದಿ ಸುತ್ತಿದ’ ಎಂದೂ ಹೇಳುತ್ತೇವೆ. ‘ದೇಶ ಸುತ್ತು, ಇಲ್ಲವೇ ಕೋಶ ಓದು’ ಎಂಬ ಗಾದೆಯಲ್ಲಿ ಕೋಶ ಹೇಗೆ ಓದಿನ ಕರ್ಮಪದವೋ ದೇಶ ಹಾಗೆ ಸುತ್ತಾಟದ ಕರ್ಮಪದ.

ಇನ್ನು ಪದದ ಬಾಲಕ್ಕೆ ಬರುವ ಅವ್ಯಯಗಳು. ‘ವಾಂಡರ್ ಅಬೌಟ್’ ಎಂದರೆ ಅಲ್ಲಿಲ್ಲಿ ಅಡ್ಡಾಡುವುದು. ‘ವಾಂಡರ್ ಇನ್’ ಎಂದರೆ ಉದ್ದೇಶವಿಲ್ಲದೆ ಒಳಗೆ ಬಂದುಬಿಡುವುದು. ‘ವಾಂಡರ್ ಆಫ್’ ಎಂದರೆ ಇರಬೇಕಾದ ಕಡೆಯಿಂದ ಕಾಣೆಯಾಗುವುದು. ಜಾತ್ರೆಯಲ್ಲಿ ತಾಯಿಯ ಕೈಬಿಟ್ಟು ಬಳೆ ಅಂಗಡಿಯತ್ತ ಹೋದ ಮಗು ಮಾಡುವುದು ಇದನ್ನೇ. ಎಲ್ಲದರಲ್ಲೂ ಸಮಾನವಾದ ಅಂಶ ಒಂದು: ಹೋಗುವವನ ಮನಸ್ಸಿನಲ್ಲಿ ತಲುಪಬೇಕಾದ ಸ್ಥಳ ಗೊತ್ತಾಗಿಲ್ಲ. ಈ ಅಂಶವನ್ನು ನೆನಪಿಟ್ಟುಕೊಳ್ಳಬೇಕು. ಮುಂದೆ ಇಡೀ ವಿಚಾರ ಇದರ ಮೇಲೆಯೇ ನಿಲ್ಲುತ್ತದೆ.

ಒಂದೇ ಬೀದಿಯ ಅಣ್ಣತಮ್ಮಂದಿರು

ಅಲೆದಾಟಕ್ಕೆ ಇಂಗ್ಲಿಷಿನಲ್ಲಿ ಪದಗಳ ಬರವಿಲ್ಲ. ‘ರೋಮ್’ ಎಂದರೆ ವಿಶಾಲವಾದ ಜಾಗದಲ್ಲಿ ತಡೆಯಿಲ್ಲದೆ ತಿರುಗುವುದು. ಊರು ಬಿಟ್ಟರೂ ಮೊಬೈಲು ಕೆಲಸ ಮಾಡುವ ‘ರೋಮಿಂಗ್’ನಿಂದಾಗಿ ಈ ಪದ ಹಳ್ಳಿಯವರ ಬಾಯಿಗೂ ಬಂದಿದೆ. ‘ಸಾಂಟರ್’ ಎಂದರೆ ಆತುರವಿಲ್ಲದ ನಿಧಾನದ ನಡಿಗೆ. ‘ರ್‍ಯಾಂಬಲ್’ ಎಂದರೆ ಸಂತೋಷಕ್ಕಾಗಿ ಬೆಟ್ಟಬಯಲು ಸುತ್ತುವುದು. ಭಾಷಣಕಾರ ವಿಷಯ ಬಿಟ್ಟು ಎಲ್ಲೆಲ್ಲೋ ಹೋದರೆ ಅದಕ್ಕೂ ಇದೇ ಪದ. ‘ಸ್ಟ್ರೇ’ ಎಂದರೆ ಹಿಂಡಿನಿಂದ, ದಾರಿಯಿಂದ ತಪ್ಪಿಸಿಕೊಳ್ಳುವುದು. ‘ಪ್ರೌಲ್’ ಎಂದರೆ ಬೇಟೆಗಾಗಿ ಹೊಂಚುತ್ತ ತಿರುಗುವುದು. ಚಿರತೆಗೂ ಕಳ್ಳನಿಗೂ ಇದು ಹೊಂದುತ್ತದೆ. ‘ಮಿಯಾಂಡರ್’ ಬಳಸಿ ಹರಿಯುವ ಹೊಳೆಯ ನಡಿಗೆ. ಇಂದಿನ ಟರ್ಕಿಯಲ್ಲಿರುವ ಮಿಯಾಂಡರ್ ಎಂಬ ಅಂಕುಡೊಂಕಾದ ನದಿಯ ಹೆಸರೇ ಕ್ರಿಯಾಪದವಾಯಿತು.

ಈ ಪದಗಳ ಸುತ್ತ ಕಟ್ಟುಕಥೆಗಳೂ ಹುಟ್ಟಿವೆ. ‘ಸಾಂಟರ್’ ಎಂಬುದು ಫ್ರೆಂಚಿನಲ್ಲಿ ‘ಪವಿತ್ರ ಭೂಮಿ’ ಎಂಬ ಅರ್ಥದ ಮಾತಿನಿಂದ ಬಂತೆಂದು ಅಮೆರಿಕದ ಲೇಖಕ ಥೋರೋ, ಅವನು ತೀರಿಕೊಂಡ ಮೇಲೆ 1862ರಲ್ಲಿ ಪ್ರಕಟವಾದ ‘ವಾಕಿಂಗ್’ ಪ್ರಬಂಧದಲ್ಲಿ ಹೇಳಿದ. ‘ರೋಮ್’ ಎಂಬುದು ರೋಮ್ ನಗರದ ಯಾತ್ರೆಯಿಂದ ಬಂತೆಂದು ಹೇಳುವವರೂ ಉಂಟು. ಕೇಳಲು ಚೆಂದ, ಭಾಷಾವಿಜ್ಞಾನಿಗಳು ಎರಡನ್ನೂ ಒಪ್ಪುವುದಿಲ್ಲ.

ಲ್ಯಾಟಿನ್, ಗ್ರೀಕ್ ಭಾಷೆಗಳಿಂದ ಬಂದ ಅಲೆದಾಟಗಳು ಇನ್ನೂ ಗುಪ್ತವಾಗಿವೆ. ತಪ್ಪು ಎಂಬ ಅರ್ಥದ ‘ಎರರ್’ ಎಂಬ ಪದದ ಮೂಲಾರ್ಥ ಅಲೆಯುವುದು. ದುಂದುಗಾರಿಕೆಯನ್ನು ಸೂಚಿಸುವ ‘ಎಕ್ಸ್‌ಟ್ರಾವಗಂಟ್’ ಎಂದರೆ ಮೂಲದಲ್ಲಿ ಎಲ್ಲೆ ಮೀರಿ ಅಲೆದಾಡಿದ್ದು. ಅಸ್ಪಷ್ಟ ಎನ್ನುವ ‘ವೇಗ್’ ಕೂಡ ಅಲೆಯುವವನೇ; ‘ವ್ಯಾಗಬಾಂಡ್’ ಅದರ ಸೋದರ. ಆಕಾಶದ ಗ್ರಹಗಳಿಗೆ ಗ್ರೀಕರು ಇಟ್ಟ ಹೆಸರಿನಿಂದ ಬಂದ ‘ಪ್ಲ್ಯಾನೆಟ್’ ಎಂಬುದರ ಅರ್ಥವೂ ಅಲೆಮಾರಿ ಎಂದೇ. ನಕ್ಷತ್ರಗಳು ತಮ್ಮ ತಮ್ಮ ಜಾಗದಲ್ಲಿ ಸ್ಥಿರವಾಗಿರುವಾಗ ಗುರು, ಶುಕ್ರ, ಮಂಗಳ ಮುಂತಾದವು ಹಿಂದುಮುಂದು ಚಲಿಸುವುದನ್ನು ಕಂಡು ಅವರು ಹಾಗೆ ಕರೆದರು. ಗ್ರಹಗಳು ದಿಕ್ಕೆಟ್ಟು ಅಲೆಯುತ್ತಿರಲಿಲ್ಲ. ಅವುಗಳಿಗೆ ಅವುಗಳದೇ ಪಥವಿತ್ತು. ಆ ಪಥದ ನಿಜವಾದ ರೂಪವನ್ನು ಕೆಪ್ಲರ್ 1609ರಲ್ಲಿ ತೋರಿಸಿಕೊಟ್ಟ. ಅಲ್ಲಿಯವರೆಗೆ ತಪ್ಪು ಇದ್ದದ್ದು ಗ್ರಹದಲ್ಲಿ ಅಲ್ಲ, ನೋಡುವವರ ಲೆಕ್ಕದಲ್ಲಿ. ‘ಅಲೆಮಾರಿ’ ಎಂಬ ಹೆಸರು ಅನೇಕ ಸಲ ಹೀಗೆಯೇ ಹುಟ್ಟುತ್ತದೆ.

ಕರ್ತೃ ಬದಲಾದರೆ ಅರ್ಥ ಬದಲು

ಒಂದು ಕ್ರಿಯಾಪದದ ಬಣ್ಣ ತಿಳಿಯಬೇಕಾದರೆ ಅದರ ಕರ್ತೃ ಯಾರೆಂದು ನೋಡಬೇಕು. ಕವಿ ‘ವಾಂಡರ್’ ಮಾಡಿದರೆ ಕಾವ್ಯ. ಪ್ರವಾಸಿ ಮಾಡಿದರೆ ವಿಹಾರ. ಮನಸ್ಸು ಮಾಡಿದರೆ ಅನ್ಯಮನಸ್ಕತೆ. ಕಣ್ಣು ಮಾಡಿದರೆ ಚಪಲ. ಬಡವ ಮಾಡಿದರೆ? ಆಗ ಅದು ಅಪರಾಧ. ಇದು ಅತಿಶಯದ ಮಾತಲ್ಲ. ಇಂಗ್ಲೆಂಡಿನ ಶಾಸನಗಳ ಇತಿಹಾಸವೇ ಇದಕ್ಕೆ ಸಾಕ್ಷಿ.

1348ರಲ್ಲಿ ಇಂಗ್ಲೆಂಡಿಗೆ ಕಾಲಿಟ್ಟ ಪ್ಲೇಗು ಜನಸಂಖ್ಯೆಯ ದೊಡ್ಡ ಪಾಲನ್ನು ನುಂಗಿತು. ಹೊಲಗೆಲಸಕ್ಕೆ ಆಳುಗಳು ಸಿಗದಂತಾದರು; ಉಳಿದವರು ಹೆಚ್ಚು ಕೂಲಿ ಕೊಡುವ ಕಡೆಗೆ ಹೊರಟರು. ಭೂಮಾಲೀಕರಿಗೆ ಇದು ಸಹಿಸಲಿಲ್ಲ. 1349ರಲ್ಲಿ ಕೂಲಿಯನ್ನು ಹಳೆಯ ದರಕ್ಕೆ ಕಟ್ಟಿಹಾಕುವ ರಾಜಾಜ್ಞೆ ಹೊರಟಿತು. 1388ರ ಶಾಸನದ ಪ್ರಕಾರ ಕೂಲಿಕಾರ ತನ್ನ ಪ್ರದೇಶ ಬಿಟ್ಟು ಹೋಗಬೇಕಾದರೆ ಮುದ್ರೆಯೊತ್ತಿದ ಪತ್ರ ಕೈಯಲ್ಲಿರಬೇಕು. ಅಂದರೆ, ಅಲೆದಾಟ ಅಪರಾಧವಾದದ್ದು ಅಲೆಯುವವನಿಗೆ ಗುರಿ ಇಲ್ಲವೆಂಬ ಕಾರಣಕ್ಕಲ್ಲ. ಅವನಿಗೆ ಸ್ಪಷ್ಟವಾದ ಗುರಿ ಇತ್ತು: ಒಳ್ಳೆಯ ಕೂಲಿ. ಆ ಗುರಿ ಧಣಿಗೆ ಹಿಡಿಸಲಿಲ್ಲ, ಅಷ್ಟೇ.

ಮುಂದಿನ ಶತಮಾನಗಳಲ್ಲಿ ಶಿಕ್ಷೆ ಕ್ರೂರವಾಗುತ್ತ ಹೋಯಿತು. 1547ರ ಶಾಸನ ಕೆಲಸವಿಲ್ಲದೆ ತಿರುಗುವವನ ಎದೆಯ ಮೇಲೆ ‘ವಿ’ ಅಕ್ಷರದ ಬರೆ ಹಾಕಿ ಎರಡು ವರ್ಷ ಗುಲಾಮನನ್ನಾಗಿ ಕೊಡಲು ಅವಕಾಶ ಮಾಡಿಕೊಟ್ಟಿತು. ಅದು ಹೆಚ್ಚು ಕಾಲ ನಡೆಯಲಿಲ್ಲ. 1572ರ ಶಾಸನದ ಪಟ್ಟಿಯಲ್ಲಿ ಕರಡಿ ಆಡಿಸುವವರು, ದೊಂಬರಾಟದವರು, ಪಾತ್ರೆಗೆ ಬೆಸುಗೆ ಹಾಕುವವರು, ತಿರುಗು ವ್ಯಾಪಾರಿಗಳು ಸೇರಿದರು. ದೊಡ್ಡ ಮನೆತನದ ಆಶ್ರಯವಿಲ್ಲದ ನಾಟಕದವರೂ ಸೇರಿದರು. ಷೇಕ್ಸ್‌ಪಿಯರನ ಕಂಪನಿ ‘ಲಾರ್ಡ್ ಚೇಂಬರ್ಲಿನ್ನನ ಮಂದಿ’ ಎಂದು ಹೆಸರಿಟ್ಟುಕೊಂಡದ್ದು ಬರಿಯ ಬಿಂಕಕ್ಕಲ್ಲ. ಅಂಥ ಆಸರೆ ಇಲ್ಲದ ನಟ ಕಾನೂನಿನ ಕಣ್ಣಿನಲ್ಲಿ ಪುಂಡನಾಗಿದ್ದ.

ನೆಪೋಲಿಯನ್ನನ ಯುದ್ಧಗಳು ಮುಗಿದ ಮೇಲೆ ಸೈನ್ಯದಿಂದ ಬಿಡುಗಡೆಯಾದವರು, ಜಮೀನು ಕಳೆದುಕೊಂಡವರು ಊರೂರು ಅಲೆಯತೊಡಗಿದಾಗ 1824ರಲ್ಲಿ ‘ವೇಗ್ರನ್ಸಿ ಆಕ್ಟ್’ ಬಂತು. ಅದರಲ್ಲಿ ನಮ್ಮ ಕ್ರಿಯಾಪದ ‘ವಾಂಡರಿಂಗ್ ಅಬ್ರಾಡ್’ ಎಂಬ ಜೋಡಿಯಾಗಿ ಕಾಣಿಸುತ್ತದೆ. ಇಲ್ಲಿ ‘ಅಬ್ರಾಡ್’ ಎಂದರೆ ವಿದೇಶವಲ್ಲ. ಹಳೆಯ ಬಳಕೆಯಲ್ಲಿ ಅದು ಮನೆಯ ಹೊರಗೆ, ಬಯಲಿಗೆ ಎಂಬ ಅರ್ಥ ಕೊಡುತ್ತದೆ. ಹೀಗೆ ತಿರುಗುತ್ತ, ಕೊಟ್ಟಿಗೆಯಲ್ಲೋ ಪಾಳುಮನೆಯಲ್ಲೋ ಬಯಲಿನಲ್ಲೋ ಮಲಗಿ, ಜೀವನಕ್ಕೆ ಕಣ್ಣಿಗೆ ಕಾಣುವ ದಾರಿಯಿಲ್ಲದೆ, ತನ್ನ ಬಗ್ಗೆ ಸರಿಯಾದ ವಿವರ ಕೊಡಲಾರದವನು ‘ಪುಂಡ ಪೋಕರಿ’ ಎನಿಸುತ್ತಿದ್ದ. ಮೂರು ತಿಂಗಳವರೆಗೆ ಕಠಿಣ ಸಜೆ. ಇದನ್ನು ರದ್ದುಪಡಿಸಲು ಬ್ರಿಟಿಷ್ ಸಂಸತ್ತು ಒಪ್ಪಿದ್ದು 2022ರಲ್ಲಿ, ಅಂದರೆ ಸುಮಾರು ಇನ್ನೂರು ವರ್ಷಗಳ ಬಳಿಕ. ಒಪ್ಪಿದ ಮೇಲೂ ಅದು ಜಾರಿಗೆ ಬರುವುದು ತಡವಾಯಿತು.

ಈಗ ಮತ್ತೆ ವರ್ಡ್ಸ್‌ವರ್ತ್ ಕಡೆ ನೋಡೋಣ. 1802ರ ಏಪ್ರಿಲ್ 15ರಂದು ಅವನು ಅಲ್ಸ್‌ವಾಟರ್ ಸರೋವರದ ದಂಡೆಯಲ್ಲಿ ಆ ಹೂಗಳನ್ನು ಕಂಡಾಗ ಒಂಟಿಯಾಗಿರಲಿಲ್ಲ; ಜೊತೆಗೆ ತಂಗಿ ಡೊರೊತಿ ಇದ್ದಳು, ಅವಳ ದಿನಚರಿಯಲ್ಲಿ ಆ ದಿನದ ವಿವರವಿದೆ. ಅಣ್ಣತಂಗಿ ಹೊರಟದ್ದು ಮನೆಯ ಕಡೆಗೆ. ಮನೆಯಿದ್ದವನು, ಮನೆಗೆ ಹೋಗುತ್ತಿದ್ದವನು ತಾನು ಅಲೆದಾಡಿದೆ ಎಂದು ಬರೆಯಬಹುದಾಗಿತ್ತು. ಅವನನ್ನು ಯಾವ ಪೇದೆಯೂ ತಡೆದು ವಿವರ ಕೇಳಲಾರ. ಕವಿಗೆ ಈ ಅಂತರ ತಿಳಿದಿರಲಿಲ್ಲವೆಂದಲ್ಲ. ಕಂಬರ್ಲೆಂಡಿನ ಮುದಿ ಭಿಕ್ಷುಕನ ಮೇಲೆ ಅವನು ಬರೆದ ಪದ್ಯ 1800ರಲ್ಲಿ ಪ್ರಕಟವಾಗಿತ್ತು. ಆ ಮುದುಕನನ್ನು ಬಡವರ ದುಡಿಮೆಮನೆಗೆ ದೂಡಬೇಡಿ ಎಂಬುದು ಅದರ ಕಳಕಳಿ. 1814ರ ‘ದಿ ಎಕ್ಸ್‌ಕರ್ಷನ್’ ಕಾವ್ಯದಲ್ಲಿ ‘ವಾಂಡರರ್’ ಎಂಬ ಗೌರವದ ಹೆಸರು ಪಡೆದವನು ಒಬ್ಬ ತಿರುಗು ವ್ಯಾಪಾರಿ. ಶಾಸನ ಯಾರನ್ನು ಪುಂಡರ ಪಟ್ಟಿಗೆ ಸೇರಿಸಿತ್ತೋ ಅವನನ್ನು ಕವಿ ಜ್ಞಾನಿಯ ಪೀಠದಲ್ಲಿ ಕೂರಿಸಿದ.

ಚೆಂಡಾಟದ ಅಲೆಮಾರಿಗಳು

ಕಾಲ್ಚೆಂಡಾಟ ಬಲ್ಲವರಿಗೆ ಇನ್ನೊಂದು ನಿದರ್ಶನ. ಇಂಗ್ಲೆಂಡಿನಲ್ಲಿ ಶ್ರೀಮಂತ ಶಾಲೆಗಳಲ್ಲಿ ಕಲಿತ ತರುಣರು ಕಟ್ಟಿದ ಒಂದು ತಂಡ 1864ರಲ್ಲಿ ‘ವಾಂಡರರ್ಸ್’ ಎಂದು ಹೆಸರಿಟ್ಟುಕೊಂಡಿತು. ಅವರಿಗೆ ಸ್ವಂತ ಮೈದಾನವಿರಲಿಲ್ಲ, ಹೋದಲ್ಲೇ ಆಟ. 1872ರ ಮಾರ್ಚ್ 16ರಂದು ಲಂಡನ್ನಿನ ಓವಲ್ ಮೈದಾನದಲ್ಲಿ ನಡೆದ ಮೊತ್ತಮೊದಲ ಎಫ್.ಎ. ಕಪ್ ಫೈನಲ್‌ನಲ್ಲಿ ರಾಯಲ್ ಎಂಜಿನಿಯರ್ಸ್ ತಂಡವನ್ನು ಒಂದು ಗೋಲಿನಿಂದ ಸೋಲಿಸಿ ಕಪ್ ಗೆದ್ದವರು ಅವರೇ. ಬೋಲ್ಟನ್, ವುಲ್ವರ್‌ಹ್ಯಾಂಪ್ಟನ್ ತಂಡಗಳ ಹೆಸರಿನಲ್ಲಿ ಇಂದಿಗೂ ‘ವಾಂಡರರ್ಸ್’ ಇದೆ. ಕ್ರಿಕೆಟ್ ಪ್ರಿಯರಿಗೆ ಜೋಹಾನ್ಸ್‌ಬರ್ಗ್‌ನ ವಾಂಡರರ್ಸ್ ಮೈದಾನ ಗೊತ್ತೇ ಇದೆ. ನೆಲೆಯಿಲ್ಲದಿರುವುದು ಇವರಿಗೆ ಹೆಮ್ಮೆಯ ಬಿರುದು.

ಆ ಫೈನಲ್ ಪಂದ್ಯಕ್ಕೆ ಐದು ತಿಂಗಳು ಮುಂಚೆ, 1871ರ ಅಕ್ಟೋಬರಿನಲ್ಲಿ, ಅದೇ ಬ್ರಿಟಿಷರು ಭಾರತದಲ್ಲಿ ಒಂದು ಕಾಯಿದೆ ತಂದರು. ಅದರ ಹೆಸರು ‘ಕ್ರಿಮಿನಲ್ ಟ್ರೈಬ್ಸ್ ಆಕ್ಟ್’, ಅಪರಾಧಿ ಬುಡಕಟ್ಟುಗಳ ಕಾಯಿದೆ. ಇಡೀ ಸಮುದಾಯವನ್ನೇ ಹುಟ್ಟಿನಿಂದ ಅಪರಾಧಿಯೆಂದು ಸಾರುವ ಅಧಿಕಾರವನ್ನು ಅದು ಸರ್ಕಾರಕ್ಕೆ ಕೊಟ್ಟಿತು. ಗೊತ್ತಾದ ನೆಲೆಯಿಲ್ಲದ ಬುಡಕಟ್ಟಾದರೆ, ಅವರ ಕಸುಬು ನಿಜವಾದದ್ದೋ ಅಥವಾ ಬರಿಯ ನೆಪವೋ ಎಂದು ವರದಿ ಮಾಡಬೇಕೆಂದು ಕಾಯಿದೆಯೇ ಹೇಳುತ್ತಿತ್ತು. ಹೆಸರು ನೋಂದಾಯಿತರಾದವರು ಹಾಜರಿ ಕೊಡಬೇಕು. ಪಾಸಿಲ್ಲದೆ ಗೊತ್ತುಪಡಿಸಿದ ಗಡಿ ದಾಟಿದರೆ ಶಿಕ್ಷೆ. ಮೊದಲು ಉತ್ತರ ಭಾರತದಲ್ಲಿ ಜಾರಿಗೆ ಬಂದ ಇದು 1911ರ ಹೊಸ ಕಾಯಿದೆಯ ಮೂಲಕ ಮದ್ರಾಸು, ಮುಂಬಯಿ ಪ್ರಾಂತಗಳಿಗೂ ಬಂತು. ಮಕ್ಕಳನ್ನು ತಂದೆತಾಯಿಯರಿಂದ ಬೇರ್ಪಡಿಸಿ ಶಾಲೆಗಳಲ್ಲಿ ಇಡುವ ಅಧಿಕಾರವೂ ಸೇರಿತು.

ಮುಂಬಯಿ ಪ್ರಾಂತದಲ್ಲಿದ್ದ ಹುಬ್ಬಳ್ಳಿ, ಗದಗಗಳಲ್ಲಿ ಇಂಥವರನ್ನು ಇರಿಸಲು ತಂತಿಬೇಲಿಯ ವಸಾಹತುಗಳು ಹುಟ್ಟಿದವು. ಅವುಗಳ ಇಂಗ್ಲಿಷ್ ಹೆಸರು ‘ಸೆಟ್ಲ್‌ಮೆಂಟ್’. ಆ ಬಡಾವಣೆಗಳನ್ನು ಜನ ಇಂದಿಗೂ ಅದೇ ಹೆಸರಿನಿಂದ ಕರೆಯುತ್ತಾರೆ. ‘ವಾಂಡರ್’ ಎಂಬ ಕ್ರಿಯಾಪದದ ವಿರುದ್ಧ ಪದ ಯಾವುದು ಎಂದು ಯಾರಾದರೂ ಕೇಳಿದರೆ ನಿಘಂಟು ತೆರೆಯಬೇಕಾಗಿಲ್ಲ. ‘ಸೆಟ್ಲ್’ ಎಂಬ ಪದ ಹುಬ್ಬಳ್ಳಿಯ ಬಸ್ಸಿನ ಕಂಡಕ್ಟರನ ಬಾಯಲ್ಲೇ ಸಿಗುತ್ತದೆ.

ಗುರಿಯಿದ್ದವರನ್ನು ಗುರಿಯಿಲ್ಲದವರೆಂದರು

ಇಲ್ಲಿ ಮೊದಲು ಹೇಳಿದ ಅಂಶಕ್ಕೆ ಮರಳಬೇಕು. ತಲುಪಬೇಕಾದ ಸ್ಥಳ ಗೊತ್ತಿಲ್ಲದೆ ಹೋಗುವುದು ‘ವಾಂಡರ್’ ಎಂದಾದರೆ, ಈ ಸಮುದಾಯಗಳಿಗೆ ಆ ಪದ ಹೊಂದುತ್ತದೆಯೇ?

ಲಂಬಾಣಿಗರು ಎತ್ತುಗಳ ಹೇರಿನಲ್ಲಿ ಧಾನ್ಯ, ಉಪ್ಪು ಸಾಗಿಸುತ್ತಿದ್ದವರು; ದಖ್ಖನಿನ ಸೈನ್ಯಗಳು ಉಂಡದ್ದು ಇವರು ಹೊತ್ತು ತಂದ ಕಾಳನ್ನು. ಕೊರಚ, ಕೊರಮರು ಕರಾವಳಿಯ ಉಪ್ಪನ್ನು ಒಳನಾಡಿಗೆ ತಂದು ಧಾನ್ಯಕ್ಕೆ ಬದಲಾಯಿಸುತ್ತಿದ್ದರು. ರೈಲು ಬಂತು, ಹೊಸ ರಸ್ತೆಗಳು ಬಂದವು, ಉಪ್ಪಿನ ಮೇಲೆ ಸರ್ಕಾರದ ಹಿಡಿತ ಬಿಗಿಯಾಯಿತು, ವ್ಯಾಪಾರ ಕುಸಿಯಿತು. ಕಸುಬು ಕಿತ್ತುಕೊಂಡ ಆಡಳಿತವೇ ಆಮೇಲೆ ಬಂದು, ‘ನಿಮ್ಮ ಕಸುಬೇನು, ಏಕೆ ತಿರುಗುತ್ತೀರಿ?’ ಎಂದು ಕೇಳಿತು.

ಹೆಳವರನ್ನು ನೋಡಿ. ಎತ್ತು ಹೂಡಿಕೊಂಡು ಊರಿಗೆ ಬರುವ ಹೆಳವ ಕಂಡ ಕಂಡ ಮನೆಗೆ ನುಗ್ಗುವುದಿಲ್ಲ. ತನ್ನ ಪಾಲಿನ ಒಕ್ಕಲುಗಳ ಮನೆಗೇ ಹೋಗುತ್ತಾನೆ, ಅವರ ವಂಶಾವಳಿ ಓದುತ್ತಾನೆ, ಹೊಸದಾಗಿ ಹುಟ್ಟಿದವರ ಹೆಸರು ಸೇರಿಸುತ್ತಾನೆ, ಕಾಳುಕಡಿ ಪಡೆದು ಮುಂದಿನ ಊರಿಗೆ ನಡೆಯುತ್ತಾನೆ. ಉತ್ತರ ಕರ್ನಾಟಕದ ಕುರಿಗಾರರನ್ನು ನೋಡಿ. ಯಾವ ತಿಂಗಳು ಯಾವ ಸೀಮೆಯಲ್ಲಿ ಮೇವಿರುತ್ತದೆ, ಯಾರ ಹೊಲದಲ್ಲಿ ಗೊಬ್ಬರಕ್ಕಾಗಿ ಹಿಂಡು ತರುಬಬೇಕು ಎಂಬುದೆಲ್ಲ ಅವರ ತಲೆಯಲ್ಲಿದೆ. ಇದು ಗುರಿಯಿಲ್ಲದ ನಡಿಗೆಯಲ್ಲ, ಬರೆದಿಡದ ವೇಳಾಪಟ್ಟಿ. ಗ್ರೀಕರು ಗ್ರಹಗಳ ಬಗ್ಗೆ ಮಾಡಿದ ತಪ್ಪನ್ನೇ ಆಡಳಿತಗಾರರು ಮನುಷ್ಯರ ಬಗ್ಗೆ ಮಾಡಿದರು: ಪಥ ತಮಗೆ ತಿಳಿಯದಿದ್ದರೆ ಪಥವೇ ಇಲ್ಲವೆಂದರು. ಗ್ರಹಗಳಿಗೆ ಅದರಿಂದ ನಷ್ಟವಾಗಲಿಲ್ಲ. ಮನುಷ್ಯರಿಗೆ ಆಯಿತು.

ಸ್ವಾತಂತ್ರ್ಯಾನಂತರ ಅನಂತಶಯನಂ ಅಯ್ಯಂಗಾರ್ ಅಧ್ಯಕ್ಷತೆಯ ಸಮಿತಿ ಈ ಕಾಯಿದೆಯನ್ನು ಪರಿಶೀಲಿಸಿತು. 1952ರ ಆಗಸ್ಟ್ 31ರಂದು ಅದು ರದ್ದಾಯಿತು. ಆ ದಿನವನ್ನು ಈ ಸಮುದಾಯಗಳು ‘ವಿಮುಕ್ತ ದಿನ’ವೆಂದು ಆಚರಿಸುತ್ತವೆ. ಕಾಯಿದೆ ಹೋಯಿತು, ಪದ ಹೋಗಲಿಲ್ಲ. 1898ರ ದಂಡ ಪ್ರಕ್ರಿಯಾ ಸಂಹಿತೆಯ 109ನೇ ಕಲಮಿನಲ್ಲಿ, ಕಾಣುವಂಥ ಜೀವನೋಪಾಯವಿಲ್ಲದ, ತನ್ನ ಬಗ್ಗೆ ತೃಪ್ತಿಕರ ವಿವರ ಕೊಡಲಾರದ ವ್ಯಕ್ತಿಯಿಂದ ಮುಚ್ಚಳಿಕೆ ಬರೆಸಿಕೊಳ್ಳುವ ಅವಕಾಶವಿತ್ತು. 1824ರ ಇಂಗ್ಲಿಷ್ ಶಾಸನದ ದನಿ ಅದರಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ಈ ಮಾತನ್ನು 1973ರ ಸಂಹಿತೆಯಲ್ಲಿ ಕೈಬಿಡಲಾಯಿತು. ಆದರೂ ‘ಅನುಮಾನಾಸ್ಪದವಾಗಿ ತಿರುಗಾಡುತ್ತಿದ್ದ’ ಎಂಬ ವಾಕ್ಯ ಕನ್ನಡ ಪತ್ರಿಕೆಗಳ ಅಪರಾಧ ಸುದ್ದಿಯಲ್ಲಿ ಉಳಿದುಕೊಂಡಿದೆ. ಅದನ್ನು ಬರೆಯುವ ವರದಿಗಾರನಿಗೆ ಅದು ಎಲ್ಲಿಂದ ನಡೆದು ಬಂತೆಂಬುದು ಗೊತ್ತಿರುವುದಿಲ್ಲ.

ಎಲ್ಲಕ್ಕಿಂತ ದಿಗಿಲು ಹುಟ್ಟಿಸುವ ಸಂಗತಿ ಬೆಳಕಿಗೆ ಬಂದದ್ದು ತೀರ ಇತ್ತೀಚೆಗೆ. ಪತ್ರಕರ್ತೆ ಸುಕನ್ಯಾ ಶಾಂತಾ ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟು 2024ರ ಅಕ್ಟೋಬರ್ 3ರಂದು ತೀರ್ಪು ನೀಡಿತು. ಜೈಲುಗಳಲ್ಲಿ ಜಾತಿಯ ಪ್ರಕಾರ ಕೆಲಸ ಹಂಚುವ ನಿಯಮಗಳನ್ನು ಪ್ರಶ್ನಿಸಿದ ದಾವೆ ಅದು. ಆಗ ಪರಿಶೀಲನೆಗೆ ಬಂದ ಕೆಲವು ರಾಜ್ಯಗಳ ಜೈಲು ಕೈಪಿಡಿಗಳಲ್ಲಿ ‘ವಾಂಡರಿಂಗ್ ಟ್ರೈಬ್’ ಎಂಬ ಮಾತು ಇನ್ನೂ ಇತ್ತು. ಅಲೆಮಾರಿ ಬುಡಕಟ್ಟಿನವರಿಗೆ ತಪ್ಪಿಸಿಕೊಂಡು ಓಡುವ ಬಲವಾದ ಸಹಜ ಸ್ವಭಾವವಿರುತ್ತದೆ, ಆದ್ದರಿಂದ ಇಂಥ ಕೆಲಸಕ್ಕೆ ಅವರನ್ನು ನೇಮಿಸಬಾರದು ಎಂಬ ಅರ್ಥದ ನಿಯಮ ಬಂಗಾಳದ ಕೈಪಿಡಿಯಲ್ಲಿತ್ತು. ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ನೇತೃತ್ವದ ಪೀಠ ಇಂಥ ನಿಯಮಗಳು ಸಂವಿಧಾನಬಾಹಿರವೆಂದು ಸಾರಿ, ಮೂರು ತಿಂಗಳಲ್ಲಿ ಕೈಪಿಡಿಗಳನ್ನು ತಿದ್ದುವಂತೆ ಆದೇಶಿಸಿತು. 1952ರಲ್ಲಿ ಬಿಡುಗಡೆಯಾದವರ ಬೆನ್ನಿಗೆ ಒಂದು ಕ್ರಿಯಾಪದ 72 ವರ್ಷ ಅಂಟಿಕೊಂಡೇ ಇತ್ತು.

ಹಕ್ಕಾದ ಅಲೆದಾಟ

ಪದಗಳ ಹಣೆಬರಹ ಬದಲಾಗುವುದೂ ಉಂಟು. 1932ರ ಏಪ್ರಿಲ್ 24ರಂದು ಮ್ಯಾಂಚೆಸ್ಟರ್, ಶೆಫೀಲ್ಡ್ ಕಡೆಯ ನೂರಾರು ದುಡಿಮೆಗಾರ ತರುಣರು ಕಿಂಡರ್ ಸ್ಕೌಟ್ ಎಂಬ ಬೆಟ್ಟಕ್ಕೆ ಬೇಕೆಂದೇ ನುಗ್ಗಿದರು. ಶ್ರೀಮಂತರು ಹಕ್ಕಿ ಬೇಟೆಗೆಂದು ಕಾದಿರಿಸಿದ ಬಯಲು ಅದು, ಕಾವಲುಗಾರರೊಡನೆ ಜಟಾಪಟಿಯಾಯಿತು. ಐವರಿಗೆ ಎರಡರಿಂದ ಆರು ತಿಂಗಳ ಸೆರೆವಾಸ. ಮುಂದಾಳಾಗಿದ್ದ ಬೆನ್ನಿ ರಾತ್ಮನ್‌ಗೆ ಆಗ 20 ವರ್ಷ. ವಾರಕ್ಕೊಂದು ದಿನ ಹೊಗೆಯಿಲ್ಲದ ಗಾಳಿ ಕುಡಿಯಬೇಕೆಂಬುದಷ್ಟೇ ಅವರ ಬೇಡಿಕೆ. 1951ರಲ್ಲಿ ಅದೇ ಪ್ರದೇಶ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. 2000ನೇ ಇಸವಿಯ ಕಾಯಿದೆ ಇಂಗ್ಲೆಂಡ್ ಮತ್ತು ವೇಲ್ಸ್‌ನ ಬೆಟ್ಟ, ಕುರುಚಲು ಬಯಲುಗಳಲ್ಲಿ ಕಾಲ್ನಡಿಗೆಯ ಹಕ್ಕನ್ನು ಕೊಟ್ಟಿತು. ಜನ ಅದನ್ನು ಕರೆಯುವುದು ‘ರೈಟ್ ಟು ರೋಮ್’, ಅಲೆಯುವ ಹಕ್ಕು ಎಂದು.

ಇನ್ನೊಂದು ಬದಲಾವಣೆ ಆಸ್ಪತ್ರೆಗಳ ಭಾಷೆಯಲ್ಲಿ ನಡೆದಿದೆ. ಮರೆವಿನ ಕಾಯಿಲೆಯ ವೃದ್ಧರು ಮನೆಯಿಂದ ಹೊರಟುಬಿಟ್ಟರೆ ಅದಕ್ಕೆ ‘ವಾಂಡರಿಂಗ್’ ಎಂಬುದು ವೈದ್ಯಕೀಯ ಪದವಾಗಿತ್ತು. ಈಚೆಗೆ ಇಂಗ್ಲೆಂಡಿನಲ್ಲಿ ರೋಗಿಗಳ ಪರ ಕೆಲಸ ಮಾಡುವವರು ಅದರ ಬದಲು ‘ನಡೆದಾಡುವುದು’ ಎನ್ನಿರಿ ಎನ್ನುತ್ತಾರೆ. ಕಾರಣ ಸರಳ. ಹಾಗೆ ಹೊರಟ ಅಜ್ಜನಿಗೆ ಬಹುಮಟ್ಟಿಗೆ ಒಂದು ಗುರಿ ಇರುತ್ತದೆ: ಹಳೆಯ ಮನೆ, ಹಳೆಯ ಕಚೇರಿ, ತೀರಿಹೋದ ಹೆಂಡತಿ. ಗುರಿಯಿಲ್ಲ ಎಂದು ಬರೆದುಕೊಂಡವರು ಅದನ್ನು ಕೇಳುವ ಗೋಜಿಗೆ ಹೋಗುವುದಿಲ್ಲ. ಕೇಳಿದವರಿಗೆ ಅವನನ್ನು ಹುಡುಕುವುದೂ ಸುಲಭ.

ಕನ್ನಡವೇನೂ ಈ ದೋಷದಿಂದ ಮುಕ್ತವಲ್ಲ. ನಡೆಯುವವನನ್ನು ‘ಜಂಗಮ’ ಎಂದು ಪೂಜಿಸಿದ, ಊರೂರು ಸುತ್ತಿ ಹಾಡಿದ ದಾಸರಿಗೆ ಪಡಿ ನೀಡಿದ ಭಾಷೆ ಇದು. ‘ಬೀದಿ ಬಸವ’, ‘ಉಂಡಾಡಿ ಗುಂಡ’ ಎಂದು ಹಳಿದದ್ದೂ ಇದೇ ಭಾಷೆ. ಸಂಜೆ ಗಂಡುಮಗ ಊರು ಸುತ್ತಿದರೆ ಲೋಕಜ್ಞಾನ. ಹೆಣ್ಣುಮಗಳು ಸುತ್ತಿದರೆ ‘ಎಲ್ಲಿ ತಿರುಗಲಿಕ್ಕೆ ಹೋಗಿದ್ದೆ?’ ಎಂಬ ಪ್ರಶ್ನೆ. ಈ ಸಭೆಯಲ್ಲಿರುವ ವಿದ್ಯಾರ್ಥಿನಿಯರಿಗೆ ಇದಕ್ಕೆ ಬೇರೆ ವಿವರಣೆ ಬೇಕಾಗಿಲ್ಲ. ಕ್ರಿಯಾಪದ ಒಂದೇ, ಕರ್ತೃ ಬದಲಾದೊಡನೆ ದನಿ ಬದಲಾಗುತ್ತದೆ.

ಕೊನೆಯದಾಗಿ, ಅನುವಾದ ಮಾಡುವವರಿಗೆ ಒಂದು ಸಣ್ಣ ಸೂಚನೆ. ಇಂಗ್ಲಿಷ್ ಪುಸ್ತಕದಲ್ಲಿ, ಕುರಿಗಾರರು ಊರಿಂದೂರಿಗೆ ‘ವಾಂಡರ್’ ಮಾಡುತ್ತಾರೆ ಎಂಬ ವಾಕ್ಯ ಎದುರಾದರೆ ಪೆನ್ನು ಸ್ವಲ್ಪ ನಿಲ್ಲಲಿ. ‘ಅಲೆದಾಡುತ್ತಾರೆ’ ಎಂದು ಬರೆಯುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇವರಿಗೆ ಎಲ್ಲಿಗೆ ಹೋಗಬೇಕೆಂದು ಗೊತ್ತಿಲ್ಲವೋ, ಅಥವಾ ಬರೆದವನಿಗೆ ಗೊತ್ತಿಲ್ಲವೋ? ಎರಡನೆಯದಾದರೆ ಕನ್ನಡದಲ್ಲಿ ಅದಕ್ಕೆ ಸರಳವಾದ ವಾಕ್ಯವಿದೆ: ‘ಕುರಿ ಹೊಡೆದುಕೊಂಡು ಊರಿಂದೂರಿಗೆ ಹೋಗುತ್ತಾರೆ.’ ನಿಘಂಟು ಇದನ್ನು ಒಪ್ಪದಿರಬಹುದು. ಕುರಿಗಾರ ಒಪ್ಪುತ್ತಾನೆ.